ಸಹಾಯ ಬೇಕು: ಸಂಶೋಧನಾ ಲೇಖನ ಓದಲು ಕಲಿಸುವವರು ಉಡುಪಿಯ ಸುತ್ತಮುತ್ತ ಇದ್ದಾರೆಯೇ?

ಗುಂಪಿನ ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯ ಆಸ್ಪತ್ರೆಯೊಂದರಲ್ಲಿ ಒಂಬತ್ತು ವರ್ಷಗಳಿಂದ ಸ್ಟಾಫ್ ನರ್ಸ್ ಆಗಿದ್ದೇನೆ. ನಮ್ಮ ವಾರ್ಡಿನಲ್ಲಿ ಕೈಗೆ ಹಾಕಿದ ಕ್ಯಾನುಲಾವನ್ನು (ಔಷಧಿ, ದ್ರವ ಕೊಡಲು ರಕ್ತನಾಳದೊಳಗೆ ಇಡುವ ಸಣ್ಣ ಕೊಳವೆ), ಯಾವ ತೊಂದರೆಯೂ ಕಾಣದಿದ್ದರೂ, 72 ಗಂಟೆ ಕಳೆದೊಡನೆ ತೆಗೆದು ಬೇರೆ ಕಡೆ ಹಾಕುವ ಪದ್ಧತಿಯಿದೆ. ರಕ್ತನಾಳವೇ ಸಿಗದ ವೃದ್ಧರಿಗೆ ಮತ್ತೆ ಮತ್ತೆ ಚುಚ್ಚುವಾಗ, ಇದಕ್ಕೆ ಆಧಾರವೇನು ಎಂಬ ಪ್ರಶ್ನೆ ನನ್ನನ್ನು ಕಾಡುತ್ತಿತ್ತು.

ಹುಡುಕಿದಾಗ 2019ರಲ್ಲಿ ಪರಿಷ್ಕೃತವಾದ ಕಾಕ್ರೇನ್ ವಿಮರ್ಶೆಯೊಂದು (ಒಂದೇ ಪ್ರಶ್ನೆಯ ಮೇಲಿನ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ) ದೊರೆಯಿತು. ಅವಧಿಗೆ ಸರಿಯಾಗಿ ಬದಲಿಸಿದರೂ, ಲಕ್ಷಣ ಕಂಡಾಗ ಮಾತ್ರ ಬದಲಿಸಿದರೂ, ರಕ್ತದ ಸೋಂಕಿನಲ್ಲಾಗಲಿ ರಕ್ತನಾಳದ ಉರಿಯೂತದಲ್ಲಾಗಲಿ ಸ್ಪಷ್ಟ ವ್ಯತ್ಯಾಸ ಕಂಡಿಲ್ಲವೆಂದು ಅದು ಹೇಳುತ್ತದೆ. ಆದರೆ ಕ್ಯಾನುಲಾ ಒಳಗೆ ಅಡಚಣೆಯಾಗಿ ಮುಚ್ಚಿಹೋಗುವುದು ಅವಧಿಗೆ ಬದಲಿಸಿದವರಲ್ಲಿ ಬಹುಶಃ ಕಡಿಮೆಯೆಂದೂ ಸೇರಿಸುತ್ತದೆ. ಇಲ್ಲಿಂದ ಮುಂದೆ ನಾನು ತಡವರಿಸುತ್ತೇನೆ. ಅಧ್ಯಯನಗಳ ಫಲಿತಾಂಶಗಳನ್ನು ಒಂದರ ಕೆಳಗೊಂದು ತೋರಿಸುವ ಫಾರೆಸ್ಟ್ ಪ್ಲಾಟ್ ಎಂಬ ಚಿತ್ರದಲ್ಲಿ, ಒಟ್ಟು ಫಲಿತಾಂಶವನ್ನು ಸೂಚಿಸುವ ವಜ್ರಾಕೃತಿ ನಡುಗೆರೆಯನ್ನು ದಾಟಿದರೆ ವ್ಯತ್ಯಾಸ ಖಚಿತವಲ್ಲ ಎಂಬಷ್ಟು ಗೊತ್ತು. ಪುರಾವೆಯನ್ನು ಹೆಚ್ಚು, ಮಧ್ಯಮ, ಕಡಿಮೆ ಎಂದು ಹೇಗೆ ತೂಗುತ್ತಾರೆಂಬುದು ಗೊತ್ತಿಲ್ಲ. ರೋಗಿ, ಚಿಕಿತ್ಸೆ, ಹೋಲಿಕೆ, ಫಲಿತಾಂಶವೆಂದು ಪ್ರಶ್ನೆಯನ್ನು ಬಿಡಿಸುವ ಪಿಕೋ ಕ್ರಮವನ್ನು ಓದಿಕೊಂಡಿದ್ದೇನೆ, ಆದರೂ ವೈದ್ಯಕೀಯ ಲೇಖನಗಳನ್ನು ಹುಡುಕುವ ಪಬ್‌ಮೆಡ್ ಜಾಲತಾಣದಲ್ಲಿ ಒಮ್ಮೆ ಸಾವಿರಾರು ಲೇಖನ ಬಂದರೆ ಇನ್ನೊಮ್ಮೆ ಎರಡೇ ಬರುತ್ತವೆ. (ಬಿ.ಎಸ್‌ಸಿ.ಯಲ್ಲಿ ಸಂಖ್ಯಾಶಾಸ್ತ್ರವನ್ನು ಪರೀಕ್ಷೆಗಷ್ಟೇ ಓದಿದ್ದರ ಫಲವಿದು.)

ಮಣಿಪಾಲದಲ್ಲಾಗಲಿ ಮಂಗಳೂರಿನಲ್ಲಾಗಲಿ ಎಂ.ಎಸ್‌ಸಿ. ನರ್ಸಿಂಗ್ ಅಥವಾ ಸಾರ್ವಜನಿಕ ಆರೋಗ್ಯ ಓದಿದವರು ಯಾರಾದರೂ ಭಾನುವಾರಗಳಂದು ಒಂದೆರಡು ಗಂಟೆ ನನ್ನೊಡನೆ ಕುಳಿತು, ಇದೇ ವಿಮರ್ಶೆಯನ್ನು ಮುಂದಿಟ್ಟುಕೊಂಡು ಕಲಿಸಬಹುದೇ? ರಾತ್ರಿ ಪಾಳಿ ಇಲ್ಲದ ವಾರ ಮಂಗಳೂರಿಗೂ ಬರಬಲ್ಲೆ. ನಮ್ಮ ವಾರ್ಡಿನ ಇನ್ನಿಬ್ಬರು ಸಹೋದ್ಯೋಗಿಗಳಿಗೂ ಆಸಕ್ತಿಯಿದೆ.