ಸಹಾಯ ಬೇಕು: ಹೊಲಕ್ಕೆ ಬರೋ ಜಿಂಕೆ ನೋಡೋಕೆ ಟ್ರೈಲ್ ಕ್ಯಾಮೆರಾ, 850 ತಗೊಳ್ಳೋದಾ 940 ತಗೊಳ್ಳೋದಾ?

ನಮಸ್ಕಾರ ಎಲ್ಲರಿಗೂ. ಟ್ರೈಲ್ ಕ್ಯಾಮೆರಾ ಅಂದ್ರೆ ಪ್ರಾಣಿ ಎದುರಿಗೆ ಬಂದಾಗ ತಾನೇ ಫೋಟೊ ತೆಗೆಯೋ ಕ್ಯಾಮೆರಾ; 850, 940 ಅನ್ನೋದು ಅದರ ರಾತ್ರಿ ಫ್ಲ್ಯಾಶಿನ ಇನ್‌ಫ್ರಾರೆಡ್ ಬೆಳಕಿನ ತರಂಗಾಂತರ, ನ್ಯಾನೊಮೀಟರ್ ಲೆಕ್ಕದಲ್ಲಿ. ಹೊಲ ಜಗಳೂರು ತಾಲ್ಲೂಕು, ರಂಗಯ್ಯನದುರ್ಗ ಕೊಂಡುಕುರಿ ವನ್ಯಧಾಮದ ಕಡೆ. ಬೆಳೆ ಶೇಂಗಾ. ರಾತ್ರಿ ಯಾವ ಪ್ರಾಣಿ, ಎಷ್ಟೊತ್ತಿಗೆ, ಬೇಲಿಯ ಯಾವ ಸಂದಿಯಿಂದ ನುಗ್ಗುತ್ತೆ ಅಂತ ಗೊತ್ತಾಗಬೇಕು. ಬೇಟೆಗಲ್ಲ ಮತ್ತೆ, ಬೆಳೆ ಉಳಿಸಿಕೊಳ್ಳೋಕೆ.

ಎರವಲು ತಂದ 850 ನ್ಯಾನೊಮೀಟರ್ ಕ್ಯಾಮೆರಾನ ಬದುವಿನ ಬೇವಿನ ಮರಕ್ಕೆ ಸೊಂಟದೆತ್ತರದಲ್ಲಿ ಕಟ್ಟಿ ನೋಡಿದ್ದಾಯ್ತು. ಪೂರ್ವಕ್ಕೆ ಮುಖ ಮಾಡಿದ್ರೆ ಬೆಳಗಿನ ಬಿಸಿಲಿಗೆ ಫೋಟೊ ಬರೀ ಬಿಳಿ, ಉತ್ತರಕ್ಕೆ ತಿರುಗಿಸಿದ ಮೇಲೆ ಸರಿಹೋಯ್ತು. ಕಾದ ಹುಲ್ಲು ಗಾಳಿಗೆ ಅಲ್ಲಾಡಿದ್ರೂ ಶಾಖದ ಚಲನೆ ಗುರುತಿಸೋ ಸೆನ್ಸರ್ ಎದ್ದು ಕಾರ್ಡ್ ತುಂಬ್ತಿತ್ತು, ಕುಡುಗೋಲಲ್ಲಿ ಸವರಿದ ಮೇಲೆ ಕಮ್ಮಿ. ಸೆಲ್ 8 ಬೇಕು. 1.2 ವೋಲ್ಟಿನ ರೀಚಾರ್ಜ್ ಸೆಲ್ ಹಾಕಿದ್ರೆ ಒಟ್ಟು 9.6 ವೋಲ್ಟೇ ಸಿಗೋದು, 12 ಅಲ್ಲ. ನಡುರಾತ್ರಿಗೇ ಫ್ಲ್ಯಾಶ್ ಮಂಕು. 1.5ರ ಸೆಲ್ಲಿಗೆ ಆ ತೊಂದ್ರೆ ಇಲ್ಲ. ಡಬ್ಬಿ ಮೇಲಿನ 48 ಮೆಗಾಪಿಕ್ಸೆಲ್ ಬಿಡಿ, ಅದರಲ್ಲಿ ಸಾಫ್ಟ್‌ವೇರ್ ಹಿಗ್ಗಿಸಿದ್ದೇ ಜಾಸ್ತಿ.

ಗೊಂದಲ ಇರೋದು ಇಲ್ಲಿ. 850ರಲ್ಲಿ ಬೆಳಕು ದೂರ ಹೋಗುತ್ತೆ, ಆದ್ರೆ ಕೆಂಡದ ಹಾಗೆ ಸಣ್ಣ ಕೆಂಪು ಕಾಣುತ್ತೆ. ಒಂದು ಫೋಟೊದಲ್ಲಿ ಜಿಂಕೆ ಕಿವಿ ನಿಮಿರಿಸಿ ನೇರ ಕ್ಯಾಮೆರಾನೇ ನೋಡ್ತಿದೆ, ಮುಂದಿನದ್ರಲ್ಲಿ ಖಾಲಿ ಬೇಲಿ. 940ರಲ್ಲಿ ಕೆಂಪು ಕಾಣಲ್ಲ, ಆದ್ರೆ ಬೆಳಕು ಅಷ್ಟು ದೂರ ಹೋಗಲ್ಲ. ಮರದಿಂದ ಸಂದಿಗೆ 18 ಮೀಟರ್.

7,000 ರೂಪಾಯಿ ಒಳಗಿನ 940 ಬಳಸಿದವರು ಹೇಳಿ: 18 ಮೀಟರಲ್ಲಿ ರಾತ್ರಿ ಹಂದಿಯೋ ಜಿಂಕೆಯೋ ಗುರುತು ಹತ್ತುತ್ತಾ? ಇಲ್ಲಾಂದ್ರೆ 10 ಮೀಟರಿಗೆ ಗೂಟ ನೆಟ್ಟು ಕಟ್ಟೋದೇ ವಾಸಿನಾ?