ಗಳಿಗೆ: ಹೊತ್ತೋ, ಬಟ್ಟಲೋ?

ಗೆಳೆಯರೇ,

'ಒಂದ್ಗಳಿಗೆ ಇರಿ, ಬಂದೆ' ಅನ್ನುತ್ತೇವಲ್ಲ, ಆ ಗಳಿಗೆ ಎಷ್ಟು ಹೊತ್ತು? ಮಾತಿನಲ್ಲಿ ಅದಕ್ಕೆ ಲೆಕ್ಕವಿಲ್ಲ. ಹೇಳಿದವರು ಎರಡು ನಿಮಿಷಕ್ಕೂ ಬರಬಹುದು, ಊಟ ಮುಗಿಸಿಯೂ ಬರಬಹುದು. ಪಂಚಾಂಗದಲ್ಲಿ ಮಾತ್ರ ಅದು ಸರಿಯಾಗಿ 24 ನಿಮಿಷ. ಹಗಲು ಇರುಳು ಸೇರಿ 60 ಗಳಿಗೆ. ಎರಡು ಗಳಿಗೆಗೆ ಒಂದು ಮುಹೂರ್ತ, ಏಳೂವರೆ ಗಳಿಗೆಗೆ ಒಂದು ಜಾವ. ಈ ಲೆಕ್ಕದಲ್ಲಿ ಒಂದು ಮುಹೂರ್ತ ಅಂದರೆ 48 ನಿಮಿಷ. ಮದುವೆಮನೆಯಲ್ಲಿ ಗಡಿಬಿಡಿ ಮಾಡುವವರಿಗೆ ಯಾರಾದರೂ ಇದನ್ನು ಹೇಳಬೇಕು!

ಪದ ಬಂದದ್ದು ಸಂಸ್ಕೃತದ 'ಘಟಿಕಾ'ದಿಂದ, ಅಂದರೆ ಪುಟ್ಟ ಮಡಕೆ. ನಮ್ಮ ಗಡಿಗೆಯೂ ಇದೇ ಬಳಗದ್ದು. ಹೊತ್ತಿಗೆ ಮಡಕೆಯ ಹೆಸರು ಬರಲು ಕಾರಣ ಗಳಿಗೆ ಬಟ್ಟಲು. ತಾಮ್ರದ ಬಟ್ಟಲು, ತಳದಲ್ಲಿ ಸೂಜಿಮೊನೆಯಷ್ಟು ತೂತು. ನೀರು ತುಂಬಿದ ದೊಡ್ಡ ಪಾತ್ರೆಯಲ್ಲಿ ತೇಲಿಬಿಟ್ಟರೆ ನೀರು ಮೆಲ್ಲಗೆ ಒಳಗೆ ಏರುತ್ತದೆ, ಕೊನೆಗೆ ಬಟ್ಟಲು ಮುಳುಗುತ್ತದೆ. ಮುಳುಗಿದರೆ ಒಂದು ಗಳಿಗೆ. ದಿನಕ್ಕೆ 60 ಸಲ ಮುಳುಗುವಂತೆ ಬಟ್ಟಲು ಇರಬೇಕು ಅನ್ನುತ್ತದೆ ಖಗೋಳದ ಹಳೆಯ ಗ್ರಂಥ ಸೂರ್ಯಸಿದ್ಧಾಂತ. ಭಾಸ್ಕರಾಚಾರ್ಯರ ಮಗಳು ಲೀಲಾವತಿ ಬಗ್ಗಿದಾಗ ಮುತ್ತು ಬಿದ್ದು ತೂತು ಮುಚ್ಚಿಕೊಂಡು, ಮದುವೆಯ ಹೊತ್ತೇ ತಪ್ಪಿಹೋಯಿತು ಅನ್ನುವ ಕಥೆ ಗೊತ್ತಲ್ಲ, ಅದೂ ಇದೇ ಬಟ್ಟಲು. ಕಥೆ ನಿಜವೋ ಸುಳ್ಳೋ, ಅದು ಬಿಡಿ.

ಆದರೆ ಊರಿನ ಜನ ಬಟ್ಟಲು ನೋಡುತ್ತಾ ಕೂರುತ್ತಿರಲಿಲ್ಲ. ಅವರಿಗೆ ಹೊತ್ತು ಗೊತ್ತಾಗುತ್ತಿದ್ದದ್ದು ಕಿವಿಯಿಂದ. 1526ರಲ್ಲಿ ದೆಹಲಿ ಗೆದ್ದ ಬಾಬರ್ ತನ್ನ ನೆನಪಿನ ಬರಹದಲ್ಲಿ ಇದನ್ನು ಚೆನ್ನಾಗಿ ವಿವರಿಸಿದ್ದಾನೆ. ದೊಡ್ಡ ಊರುಗಳಲ್ಲಿ ಘಡಿಯಾಲಿಗಳೆಂಬ ಕಾವಲಿನವರು ಇದ್ದರಂತೆ. ಎತ್ತರದಲ್ಲಿ ತೂಗುಬಿಟ್ಟ ದಪ್ಪ ಹಿತ್ತಾಳೆ ತಟ್ಟೆಯನ್ನು ಬಟ್ಟಲು ಮುಳುಗಿದಾಗಲೆಲ್ಲ ಬಾರಿಸುತ್ತಿದ್ದರು. ಆದರೆ ಗಳಿಗೆಯ ಎಣಿಕೆ ಜಾವಜಾವಕ್ಕೂ ಒಂದರಿಂದ ಶುರುವಾಗುತ್ತಿದ್ದರಿಂದ, ರಾತ್ರಿ ಎಚ್ಚರವಾದವನಿಗೆ ಎಷ್ಟನೇ ಗಳಿಗೆ ಅಂತ ತಿಳಿಯುತ್ತಿತ್ತು, ಯಾವ ಜಾವದ್ದು ಅಂತ ತಿಳಿಯುತ್ತಿರಲಿಲ್ಲ. ಹಾಗಾಗಿ ಗಳಿಗೆಯ ಹೊಡೆತದ ಹಿಂದೆಯೇ ಸ್ವಲ್ಪ ಬಿಟ್ಟು ಜಾವದ ಹೊಡೆತವನ್ನೂ ಹೊಡೆಯಿರಿ ಅಂತ ಬಾಬರ್ ಅಪ್ಪಣೆ ಕೊಟ್ಟ. ನಿದ್ದೆಗೆಟ್ಟವನ ಕಷ್ಟ ನಿದ್ದೆಗೆಟ್ಟವನಿಗೇ ಗೊತ್ತು, ಅಲ್ವಾ?

ಹಿಂದಿಯಲ್ಲಿ ಈ ತಟ್ಟೆಗೇ 'ಘಡಿಯಾಲ್' ಅನ್ನುತ್ತಾರೆ. ನಮ್ಮ 'ಗಡಿಯಾರ'ಕ್ಕೂ ಅದಕ್ಕೂ ನಂಟು ಇದ್ದೇ ಇದೆ. ಮುಳ್ಳಿನ ಗಡಿಯಾರ ಬರುವ ಮುಂಚೆ ಕನ್ನಡದಲ್ಲಿ ಈ ಪದ ಬಟ್ಟಲಿಗೆ ಇತ್ತೇ, ತಟ್ಟೆಗೆ ಇತ್ತೇ? ಹಳೆಯ ಪ್ರಯೋಗ ಸಿಕ್ಕವರು ಸಾಲು ಸಮೇತ ಬರೆಯಿರಿ.

ಇನ್ನೊಂದು ತೊಡಕು ವಿಶ್ವವಿದ್ಯಾಲಯಗಳಲ್ಲಿ ಪದವಿ ಕೊಡುವ 'ಘಟಿಕೋತ್ಸವ'. ಇದನ್ನು ಕೆಲವರು ಗಳಿಗೆಗೆ ಗಂಟು ಹಾಕಿ 'ಶುಭಗಳಿಗೆಯ ಹಬ್ಬ' ಅನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. ತಾಳಗುಂದದ ಶಾಸನದ ಪ್ರಕಾರ ಮಯೂರಶರ್ಮ ಓದಲು ಹೋದದ್ದು ಕಂಚಿಯ ಘಟಿಕೆಗೆ. ಚಿತ್ತಾಪುರದ ಹತ್ತಿರದ ನಾಗಾವಿಯಲ್ಲೂ 11ನೇ ಶತಮಾನದಲ್ಲಿ ಘಟಿಕಾಸ್ಥಾನ ಇತ್ತು. ಇಲ್ಲೆಲ್ಲ ಘಟಿಕೆ ಅಂದರೆ ಓದುವ ಜಾಗ, ಕಲಿತವರ ಕೂಟ. ಹೊತ್ತಿನ ಮಾತೇ ಇಲ್ಲ. 'ಘಟ್' ಅನ್ನುವ ಧಾತುವಿಗೆ ಕೂಡು, ಸೇರು ಅನ್ನುವ ಅರ್ಥ ಇರುವುದರಿಂದ 'ಕೂಟ' ಅಲ್ಲಿಂದಲೇ ಬಂದಿರಬೇಕು ಅನ್ನುವುದು ನನ್ನ ವಾದ. ಮಡಕೆಯಿಂದಲೇ ಬಂತು ಅನ್ನುವವರು ಮಡಕೆಗೂ ಪಾಠಶಾಲೆಗೂ ಏನು ಸಂಬಂಧ ಅಂತ ತೋರಿಸಲಿ.

ಕೊನೆಗೆ ಮಲೆನಾಡು, ಕರಾವಳಿ, ಬಡಗಣ ಕಡೆಯವರಿಗೆ: ಮದುವೆಯಲ್ಲಿ ಗಳಿಗೆ ಬಟ್ಟಲು ಇಡುವುದನ್ನು ನಿಮ್ಮ ಮನೆಯ ಹಿರಿಯರು ಕಂಡಿದ್ದಾರೆಯೇ? ಬಟ್ಟಲು ತುಂಬಿ ತಳ ಸೇರುವುದಕ್ಕೆ ಅವರು ಏನನ್ನುತ್ತಿದ್ದರು? 'ಮುಳುಗಿತು' ಅನ್ನುವುದು ಶುಭಕಾರ್ಯಕ್ಕೆ ಹೊಂದುವ ಮಾತಲ್ಲ, ಬೇರೆ ಪದ ಇದ್ದಿರಲೇಬೇಕು.