‘ನಿರ್ವಹಣೆ’ ಅಂದರೆ ನಡೆಸುವುದೋ, ಕೆಡದಂತೆ ಕಾಯುವುದೋ?

ಗೆಳೆಯರೇ, ನಮಸ್ಕಾರ.

ಪುರಸಭೆಯೊಂದರ ಠರಾವಿನಲ್ಲಿ ಕಂಡ ಒಂದು ಪದದ ಬಗ್ಗೆ ಕೇಳಬೇಕಿದೆ. ವಾಕ್ಯ ಹೀಗಿದೆ: “ಸದರಿ ಸಮುದಾಯ ಭವನದ ನಿರ್ವಹಣೆಯನ್ನು ಬಡಾವಣೆಯ ನಿವಾಸಿಗಳ ಸಂಘಕ್ಕೆ ವಹಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು.”

ಅಂದು ಎಲ್ಲರೂ ಒಪ್ಪಿ ಸಹಿ ಹಾಕಿದರು. ಮಳೆಗಾಲದಲ್ಲಿ ತಾರಸಿ ಸೋರಿದಾಗ ಜಗಳ ಶುರುವಾಯಿತು. “ನಮಗೆ ಕೊಟ್ಟಿದ್ದು ಬೀಗದ ಕೈ, ಬುಕಿಂಗ್, ಬಾಡಿಗೆ ವಸೂಲಿ ಅಷ್ಟೇ. ತಾರಸಿ ನಿಮ್ಮದು” ಅಂತ ಸಂಘದವರು. “ನಿರ್ವಹಣೆ ಅಂದ ಮೇಲೆ ತಾರಸಿಯೂ ಅದರಲ್ಲೇ ಬಂತು, ಅಲ್ವಾ?” ಅಂತ ಪುರಸಭೆಯವರು. ಇಬ್ಬರೂ ನಡವಳಿ ಪುಸ್ತಕದ ಅದೇ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ನನಗಂತೂ ಇಬ್ಬರ ಅರ್ಥವೂ ಸರಿಯಾಗಿಯೇ ಕಂಡಿತು.

ಬಳಕೆ ನೋಡಿ. ‘ಘನತ್ಯಾಜ್ಯ ನಿರ್ವಹಣೆ’, ‘ವಿಪತ್ತು ನಿರ್ವಹಣೆ’ ಅಂದಾಗ ಅದು ನಡೆಸುವ, ನಿಭಾಯಿಸುವ ಕೆಲಸ. ಬಸ್ಸಿನ ನಿರ್ವಾಹಕರು ಟಿಕೆಟ್ ಕೊಡುತ್ತಾರೆ, ಬಸ್ಸು ಕೆಟ್ಟರೆ ಸರಿಮಾಡುವವರು ಬೇರೆ. ಆದರೆ ಕುಡಿಯುವ ನೀರಿನ ಯೋಜನೆಗಳ ಕಡತದಲ್ಲಿ ‘ಕಾರ್ಯಾಚರಣೆ ಮತ್ತು ನಿರ್ವಹಣೆ’ ಅಂತ ಬರೆಯುತ್ತಾರೆ. ಅಲ್ಲಿ ಪಂಪು ಓಡಿಸುವುದು ಕಾರ್ಯಾಚರಣೆ, ಅದು ಕೆಡದಂತೆ ನೋಡಿಕೊಳ್ಳುವುದು ನಿರ್ವಹಣೆ. ಒಂದೇ ಕಚೇರಿ, ಒಂದೇ ಪದ, ಎರಡು ಕೆಲಸ.

ಸಂಸ್ಕೃತದ ಮೂಲ ಅರ್ಥ ನಡೆಸುವುದರ ಕಡೆಗೇ ವಾಲುತ್ತದೆ. ಹೊತ್ತುಕೊಂಡು ಕೊನೆ ಮುಟ್ಟಿಸುವುದು ನಿರ್ವಹಣ. ಸಂಸ್ಕೃತ ನಾಟಕದ ಕಥೆಯ ಐದು ಘಟ್ಟಗಳಲ್ಲಿ (ಅವಕ್ಕೆ ಸಂಧಿ ಅನ್ನುತ್ತಾರೆ) ಕೊನೆಯದಕ್ಕೆ ಇದೇ ಹೆಸರು. ಗೋಡೆಗೆ ಸುಣ್ಣ ಬಳಿಯುವ ಅರ್ಥ ಈ ಪದಕ್ಕೆ ಆಮೇಲೆ ಅಂಟಿಕೊಂಡದ್ದು.

ಹಳೆಯ ಶಾಸನಗಳನ್ನು ಓದಿದಾಗ ನನಗೆ ಬಹಳ ಇಷ್ಟವಾಗುವ ಸಂಗತಿ ಒಂದಿದೆ. ದೇವಾಲಯಕ್ಕೆ ಭೂಮಿ ಬಿಡುವಾಗ ಅದರ ಹುಟ್ಟುವಳಿ ಯಾವುದಕ್ಕೆ ಅಂತ ಬಿಡಿಸಿ ಹೇಳುತ್ತಿದ್ದರು. ಅಂಗಭೋಗ (ದೇವರ ಅಭಿಷೇಕ, ಅಲಂಕಾರ), ರಂಗಭೋಗ (ಹಾಡು, ಕುಣಿತದ ಸೇವೆ), ನೈವೇದ್ಯ, ಇವು ದೇವಾಲಯವನ್ನು ನಿತ್ಯ ನಡೆಸುವುದಕ್ಕೆ. ಕಟ್ಟಡಕ್ಕೆ ಬೇರೆಯೇ ಮಾತು: ‘ಖಂಡಸ್ಫುಟಿತ ಜೀರ್ಣೋದ್ಧಾರ’. ಒಡೆದದ್ದು, ಬಿರುಕು ಬಿಟ್ಟದ್ದು, ಹಳತಾದದ್ದು, ಇವನ್ನೆಲ್ಲ ಮತ್ತೆ ಎತ್ತಿ ನಿಲ್ಲಿಸುವುದು. ಹೀಗೆ ಬರೆದಿದ್ದರೆ ತಾರಸಿಯ ಜಗಳ ಹುಟ್ಟುತ್ತಲೇ ಇರಲಿಲ್ಲ.

ಹಾಗಂತ ಈಗಿನ ಠರಾವಿಗೆ ಶಾಸನದ ಮಾತು ತರಲಾಗದು. ನಡೆಸುವ ಕೆಲಸಕ್ಕೆ ನನ್ನ ಆಯ್ಕೆ ‘ಉಸ್ತುವಾರಿ’. ಜನರ ಬಾಯಲ್ಲಿದೆ, ಹೊಣೆ ಯಾರದು ಅನ್ನುವುದೂ ಅದರಲ್ಲೇ ತಿಳಿಯುತ್ತದೆ. ‘ಮೇಲುಸ್ತುವಾರಿ’ ಬೇಡ, ಅದು ಬೇರೆಯವರು ಮಾಡುವುದರ ಮೇಲೆ ಕಣ್ಣಿಡುವ ಕೆಲಸ. ಶಾಲೆಗಳ ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ) ಹೆಸರಿನಲ್ಲಿ ಅದು ಆ ಅರ್ಥದಲ್ಲೇ ಇದೆ. ಕೆಟ್ಟದ್ದನ್ನು ಸರಿಮಾಡಲು ‘ದುರಸ್ತಿ’ ಇದ್ದೇ ಇದೆ. ಪಾರಸಿಯಿಂದ ಬಂದು ಕನ್ನಡದ್ದೇ ಆಗಿಹೋಗಿದೆ. (ಜಮೀನಿನ ಕಾಗದದಲ್ಲಿ ‘ಪೋಡಿ ದುರಸ್ತಿ’ ಅಂದರೆ ಜಮೀನನ್ನು ಅಳೆದು ಪಾಲು ಬೇರೆ ಮಾಡುವುದು, ಕಟ್ಟಡದ ಮಾತಿನಲ್ಲಿ ಆ ಗೊಂದಲ ಬರುವುದಿಲ್ಲ.)

ನಾನು ಸಿಕ್ಕಿಬಿದ್ದಿರುವುದು ಇವೆರಡರ ನಡುವೆ. ಮಳೆಗೆ ಮುಂಚೆ ತಾರಸಿಯ ನೀರು ಹೋಗುವ ತೂತಿನಿಂದ ಎಲೆ ತೆಗೆಯುವುದು, ಬಾಗಿಲಿನ ತಿರುಗಣೆಗೆ ಎಣ್ಣೆ ಬಿಡುವುದು, ಸಣ್ಣ ಬಿರುಕಿಗೆ ಆಗಲೇ ಸಿಮೆಂಟು ಮೆತ್ತುವುದು. ಇದು ಉಸ್ತುವಾರಿಯಲ್ಲ. ದುರಸ್ತಿಯೂ ಅಲ್ಲ, ಯಾಕೆಂದರೆ ಇನ್ನೂ ದೊಡ್ಡದಾಗಿ ಏನೂ ಕೆಟ್ಟಿಲ್ಲ. ಇದಕ್ಕೊಂದು ಹೆಸರಿಲ್ಲದೆ ಠರಾವಿನಲ್ಲಿ ಜಾಗವೂ ಸಿಗುವುದಿಲ್ಲ, ಬಜೆಟ್ಟಿನಲ್ಲಿ ದುಡ್ಡೂ ಸಿಗುವುದಿಲ್ಲ. ‘ಪಾಲನೆ’ ಅಂದರೆ ನಿಯಮ ಪಾಲನೆ ನೆನಪಾಗುತ್ತದೆ. ‘ಸಂರಕ್ಷಣೆ’ ಕಾಡಿಗೆ, ಸ್ಮಾರಕಗಳಿಗೆ ಸರಿ. ‘ಸುಸ್ಥಿತಿಯಲ್ಲಿಡುವುದು’ ಅರ್ಥಕ್ಕೆ ಹತ್ತಿರ, ಆದರೆ ಪದವಲ್ಲ, ವಿವರಣೆ. ನನಗೆ ಆಸೆ ಇರುವುದು ‘ಜೋಪಾನ’ದ ಮೇಲೆ. ಮನೆಮಾತು, ಎಲ್ಲರಿಗೂ ಗೊತ್ತು. “ಭವನದ ಉಸ್ತುವಾರಿ ಮತ್ತು ಜೋಪಾನ ಸಂಘದ್ದು, ದುರಸ್ತಿ ಪುರಸಭೆಯದ್ದು” ಅಂತ ಬರೆದರೆ ಓದುವವರು ಒಪ್ಪಿಯಾರೇ? ಅಥವಾ ಜೋಪಾನ ಅಂದರೆ ಬರೀ ಕಳೆಯದಂತೆ ಎತ್ತಿಡುವುದು ಅಂತಲೇ ಕೇಳಿಸುತ್ತದೆಯೇ?

ನಿಮ್ಮ ಕಡೆ, ಮುಖ್ಯವಾಗಿ ಕಟ್ಟಡ ಕೆಲಸದವರ, ಕೆರೆ ಕಾಲುವೆ ನೋಡಿಕೊಳ್ಳುವವರ ಮಾತಿನಲ್ಲಿ, ಕೆಡುವ ಮುಂಚೆ ಮಾಡುವ ಈ ಕೆಲಸಕ್ಕೆ ಏನನ್ನುತ್ತಾರೆ? ಅವರು ಆಡುವ ವಾಕ್ಯವನ್ನೇ ಇದ್ದ ಹಾಗೆ ಬರೆದು ಕಳಿಸಿದರೆ ದೊಡ್ಡ ಉಪಕಾರ.